ತಾಳೆಯಾದ ಲೆಕ್ಕವೂ ವಿಜ್ಞಾನದ ಸಿದ್ಧಾಂತವೂ

“ಇದು ವಿಜ್ಞಾನದಿಂದ ಸಿದ್ಧವಾದ ಮಾತು” ಎಂದು ಯಾರಾದರೂ ಹೇಳಿದರೆ ನಾವು ಸುಮ್ಮನಾಗಿಬಿಡುತ್ತೇವೆ. ಸಿದ್ಧವಾಗುವುದು ಎಂದರೇನು, ಎಷ್ಟರಮಟ್ಟಿಗೆ ಸಿದ್ಧವಾಯಿತು ಎಂದು ಕೇಳುವುದಿಲ್ಲ. ಈ ಸಲ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಇದಕ್ಕೆ ಕಾಲೇಜಿನ ಓದು ಬೇಕಿಲ್ಲ. ಲೆಡ್ಜರು ಬರೆದವರಿಗೂ ಹಾಜರಿ ಪುಸ್ತಕ ಕೂಡಿದವರಿಗೂ ಅರ್ಧ ವಿಷಯ ಆಗಲೇ ತಿಳಿದಿದೆ.

ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ತೆಗೆಯುತ್ತೇವೆ. ಬರೆದುದೆಲ್ಲ ಸರಿಯಾಗಿದ್ದರೆ ಎರಡು ಬದಿಯ ಮೊತ್ತವೂ ಒಂದೇ ಆಗಬೇಕು. ಆಯಿತು ಎನ್ನಿ. ಹಾಗಾದರೆ ಬರೆದುದೆಲ್ಲ ಸರಿಯೇ? ಒಬ್ಬನ ಖಾತೆಗೆ ಹೋಗಬೇಕಾದ 50 ರೂಪಾಯಿ ಇನ್ನೊಬ್ಬನ ಖಾತೆಗೆ ಬಿದ್ದಿದ್ದರೂ ಮೊತ್ತ ತಾಳೆಯಾಗುತ್ತದೆ. ತಾಳೆಯಾಗಲಿಲ್ಲ ಎನ್ನಿ. ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಎಲ್ಲಿ ಎಂಬುದನ್ನು ಮೊತ್ತ ಹೇಳುವುದಿಲ್ಲ. ಅಂಥ ಸಂಜೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಕಡೆಗೆ ಎಲ್ಲರ ಕಣ್ಣು ತಿರುಗುವುದನ್ನು ನಾವು ಕಂಡಿದ್ದೇವೆ, ಅವನ ಪುಟವನ್ನು ತೆರೆದು ನೋಡುವ ಮೊದಲೇ. ಸಂಬಳ ಹಿಡಿದ ಮೇಲೆ ತಪ್ಪು ಬೇರೊಬ್ಬರ ಪುಟದಲ್ಲಿ ಸಿಕ್ಕಿದ್ದೂ ಉಂಟು.

ನಮ್ಮ ನ್ಯಾಯಶಾಸ್ತ್ರದವರು ಇದರ ಮೊದಲ ಅರ್ಧವನ್ನು ಹೊಗೆ-ಬೆಂಕಿಯ ದೃಷ್ಟಾಂತದಿಂದ ವಿವರಿಸಿದ್ದಾರೆ. (ಅವರ ‘ಅನುಮಾನ’ವೆಂದರೆ ಕಂಡುದರಿಂದ ಕಾಣದುದನ್ನು ತಿಳಿಯುವುದು, ನಾವು ಆಡುಮಾತಿನಲ್ಲಿ ಹೇಳುವ ಸಂಶಯವಲ್ಲ.) ಹೊಗೆಯಿದ್ದಲ್ಲಿ ಬೆಂಕಿಯುಂಟು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಮಾತನ್ನು ತಿರುವಿಹಾಕಿದರೆ ತರ್ಕ ಕೆಡುತ್ತದೆ. ಹಾಗೆಯೇ, “ಸಿದ್ಧಾಂತ ನಿಜವಾದರೆ ಆಕಾಶದಲ್ಲಿ ಇಂಥದು ಕಾಣಬೇಕು” ಎಂಬುದನ್ನು ತಿರುವಿ, “ಕಂಡಿತು, ಆದುದರಿಂದ ಸಿದ್ಧಾಂತ ನಿಜ” ಎನ್ನಲಾಗದು. ಸಿದ್ಧಾಂತಕ್ಕೆ ಬಲ ಬಂದಿತು ಎನ್ನಬಹುದು, ಅಷ್ಟೆ.

ಇನ್ನು ಲೆಕ್ಕ ತಪ್ಪಿದಾಗ ಏನು ಮಾಡಬೇಕು? ಇದಕ್ಕೆ ಖಗೋಳಶಾಸ್ತ್ರದ ಒಂದು ಕಥೆಯಷ್ಟು ಒಳ್ಳೆಯ ಪಾಠ ನಮಗೆ ಬೇರೆ ಸಿಕ್ಕಿಲ್ಲ.

1781ರಲ್ಲಿ ವಿಲಿಯಂ ಹರ್ಷೆಲನು ಯುರೇನಸ್ ಗ್ರಹವನ್ನು ಕಂಡುಹಿಡಿದನು. ಬರಬರುತ್ತ ಆ ಗ್ರಹ ನ್ಯೂಟನ್ನನ ಗುರುತ್ವ ನಿಯಮದ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತಿಲ್ಲವೆಂಬುದು ಗೊತ್ತಾಯಿತು. ಹಾಗಾದರೆ ನ್ಯೂಟನ್ ತಪ್ಪೇ? ಫ್ರಾನ್ಸಿನ ಲೆ ವೆರ್ರಿಯೆ ಹಾಗೆನ್ನಲಿಲ್ಲ. ಆ ಲೆಕ್ಕದಲ್ಲಿ ನ್ಯೂಟನ್ನನ ನಿಯಮ ಒಂದೇ ಇರಲಿಲ್ಲ. “ಯುರೇನಸಿನ ಆಚೆಗೆ ಅದನ್ನು ಎಳೆಯುವ ಗ್ರಹ ಇನ್ನೊಂದಿಲ್ಲ” ಎಂಬ ಮಾತೂ ಯಾರೂ ಬರೆಯದೆಯೇ ಸೇರಿಕೊಂಡಿತ್ತು. ಅವನು ಆ ಮಾತನ್ನು ಹೊಡೆದುಹಾಕಿ, ಕಾಣದ ಗ್ರಹ ಎಲ್ಲಿರಬೇಕೆಂದು ಗುಣಿಸಿ ಬರ್ಲಿನ್ನಿನ ಗಾಲೆ ಎಂಬವನಿಗೆ ಕಾಗದ ಬರೆದನು. ಕಾಗದ ತಲುಪಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಹೇಳಿದ ಜಾಗದಿಂದ ಒಂದು ಅಂಶದೊಳಗೇ ನೆಪ್ಚೂನ್ ಸಿಕ್ಕಿತು. ಇಂಗ್ಲೆಂಡಿನ ಆಡಮ್ಸನೂ ಅದೇ ಲೆಕ್ಕದಲ್ಲಿ ತೊಡಗಿದ್ದನು. ಅದರ ಜಗಳ ನಮಗಿಲ್ಲಿ ಬೇಡ.

ಮುಂದೆ ಲೆ ವೆರ್ರಿಯೆ ಬುಧನ ಲೆಕ್ಕ ಹಿಡಿದನು. ಬುಧನ ದಾರಿಯಲ್ಲಿ ಸೂರ್ಯನಿಗೆ ಅತಿ ಹತ್ತಿರವಾದ ಬಿಂದು ನಿಂತಲ್ಲಿ ನಿಲ್ಲದೆ ಮೆಲ್ಲಗೆ ಸರಿಯುತ್ತದೆ. ಪಂಚಾಂಗ ನೋಡುವವರಿಗೆ ಅಂಶ, ಕಲೆ, ವಿಕಲೆ ಗೊತ್ತು; 3,600 ವಿಕಲೆಗೆ ಒಂದು ಅಂಶ. ಇಂದಿನ ಎಣಿಕೆಯಂತೆ ಆ ಬಿಂದು ನೂರು ವರ್ಷಕ್ಕೆ ಸುಮಾರು 575 ವಿಕಲೆ ಸರಿಯುತ್ತದೆ. ಇತರ ಗ್ರಹಗಳ ಎಳೆತಕ್ಕೆ ಸುಮಾರು 532 ಸಲ್ಲುತ್ತದೆ. ಉಳಿದ ವ್ಯತ್ಯಾಸ 43. ಈ ವೇಗದಲ್ಲಿ ಒಂದು ಅಂಶ ಸರಿಯಲು ಎಂಟು ಸಾವಿರ ವರ್ಷಕ್ಕೂ ಹೆಚ್ಚು ಬೇಕು! ಆದರೂ ವ್ಯತ್ಯಾಸ ವ್ಯತ್ಯಾಸವೇ. ಎರಡಾಣೆ ಹೆಚ್ಚು ಬಂದರೂ ಪುಸ್ತಕ ಮುಚ್ಚದ ಹಳೆಯ ಗುಮಾಸ್ತರಂತೆ ಖಗೋಳಜ್ಞರು ಅದನ್ನು ಬಿಡಲಿಲ್ಲ.

1859ರಲ್ಲಿ ಲೆ ವೆರ್ರಿಯೆ ಹಿಂದಿನ ಉಪಾಯವನ್ನೇ ಹೂಡಿದನು: ಸೂರ್ಯನ ಬಳಿ ನಮಗೆ ಕಾಣದ ಗ್ರಹವೋ ಸಣ್ಣ ಗ್ರಹಗಳ ಗುಂಪೋ ಇರಬೇಕು. ಹಳ್ಳಿಯ ವೈದ್ಯನೊಬ್ಬನು ಸೂರ್ಯನ ಮೇಲೆ ಕಪ್ಪು ಚುಕ್ಕೆ ಹಾದುಹೋದುದನ್ನು ಕಂಡೆನೆಂದಾಗ ಇವನು ಹೋಗಿ ವಿಚಾರಿಸಿ ನಂಬಿದನು. ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಗ್ರಹ ಮಾತ್ರ ಸಿಗಲಿಲ್ಲ. 1877ರಲ್ಲಿ ಲೆ ವೆರ್ರಿಯೆ ತೀರಿಕೊಂಡನು.

ಮನುಷ್ಯ ಅವನೇ, ತರ್ಕವೂ ಅದೇ. ಒಮ್ಮೆ ನಿಯಮ ಸರಿ, ಬಿಟ್ಟುಹೋದ ಗ್ರಹವೊಂದಿತ್ತು. ಇನ್ನೊಮ್ಮೆ ಗ್ರಹವಿರಲಿಲ್ಲ, ನಿಯಮವೇ ಸಾಲದಾಗಿತ್ತು. ಮೊದಲೇ ಇದನ್ನು ಬರಿಯ ತರ್ಕದಿಂದ ತಿಳಿಯುವ ದಾರಿ ಯಾರಿಗೂ ಇರಲಿಲ್ಲ. ಫ್ರಾನ್ಸಿನ ದ್ಯುಯೆಮ್ 1906ರ ತನ್ನ ಗ್ರಂಥದಲ್ಲಿ ಹೇಳಿದ್ದು ಇದನ್ನೇ: ಭೌತವಿಜ್ಞಾನದಲ್ಲಿ ಒಂದು ಊಹೆ ಒಂಟಿಯಾಗಿ ಪರೀಕ್ಷೆಗೆ ಬರುವುದಿಲ್ಲ, ತನ್ನ ಜೊತೆಗಾರರನ್ನೆಲ್ಲ ಕರೆದುಕೊಂಡೇ ಬರುತ್ತದೆ.

ಹಾಗಾದರೆ ಸಿದ್ಧಾಂತ ಸೋತಾಗಲೆಲ್ಲ ಒಂದು ನೆಪ ಹೇಳಿ ಉಳಿಸಿಕೊಳ್ಳಬಹುದಲ್ಲ? ಇಲ್ಲೇ ಎಚ್ಚರ ಬೇಕು. ಲೆ ವೆರ್ರಿಯೆಯ ಗ್ರಹ ಬರಿಯ ನೆಪವಲ್ಲ. ಇಂಥ ಕಡೆ ದೂರದರ್ಶಕ ತಿರುಗಿಸಿ, ಇಲ್ಲದಿದ್ದರೆ ನಾನು ಸೋತೆ ಎನ್ನುವ ಮಾತು ಅದು. 1934ರಲ್ಲಿ ಕಾರ್ಲ್ ಪಾಪರ್ ವಿಜ್ಞಾನಕ್ಕೆ ಇದನ್ನೇ ಗುರುತಾಗಿ ಇಟ್ಟನು: ಸೋಲಬಹುದಾದ ಮಾತೇ ವಿಜ್ಞಾನದ ಮಾತು. ದ್ಯುಯೆಮನನ್ನು ನೆನೆದರೆ ಅದು ತುಸು ಸರಳವಾಯಿತೆಂದು ನಮಗೆ ತೋರುತ್ತದೆ. ಆದರೂ ಕೈಗೆ ಒದಗುವ ಗುರುತು.

1915ರ ನವೆಂಬರಿನಲ್ಲಿ ಐನ್‌ಸ್ಟೈನನು ಹೊಸ ಗುರುತ್ವ ಸಿದ್ಧಾಂತದಿಂದ ಆ 43 ವಿಕಲೆಯನ್ನು ತೆಗೆದು ತೋರಿಸಿದನು. ಬುಧನಿಗಾಗಿಯೇ ಸೇರಿಸಿದ ಅಂಕಿ ಅದರಲ್ಲಿ ಒಂದೂ ಇರಲಿಲ್ಲ. ಸೂರ್ಯನ ಅಂಚಿನಲ್ಲಿ ಹಾಯುವ ನಕ್ಷತ್ರದ ಬೆಳಕು 1.75 ವಿಕಲೆ ಬಾಗಬೇಕೆಂದೂ ಅದು ಮುಂದಾಗಿ ಹೇಳಿತು. 1919ರ ಮೇ 29ರ ಗ್ರಹಣದ ಅಳತೆಗಳು ಅದನ್ನು ಬೆಂಬಲಿಸಿದವು. ಇದರಿಂದ ಐನ್‌ಸ್ಟೈನನ ಸಿದ್ಧಾಂತ ಎಂದೆಂದಿಗೂ ಸಿದ್ಧವಾಯಿತೇ? ಕಾದ ಕಬ್ಬಿಣದ ಗುಂಡನ್ನು ನೆನೆದುಕೊಳ್ಳಿ.

ಓದುಗರು ಬಿಡುವಿನಲ್ಲಿ ಯೋಚಿಸಲು ಎರಡು ಪ್ರಶ್ನೆ. ಒಂದು: ಬೀದಿಯಲ್ಲಿ ಔಷಧಿ ಮಾರುವವನು, “ಕುಡಿದವನಿಗೆ ಮೂರು ದಿನಕ್ಕೆ ಜ್ವರ ಬಿಟ್ಟಿತು” ಎನ್ನುತ್ತಾನೆ, ಬಿಡದವನಿಗೆ “ನೀನು ಪಥ್ಯ ಮಾಡಲಿಲ್ಲ” ಎನ್ನುತ್ತಾನೆ. ಈ ಪಥ್ಯದ ಮಾತು ನೆಪ್ಚೂನಿನ ಜಾತಿಯದೋ, ಬರಿಯ ನೆಪವೋ? ಅದನ್ನು ತಿಳಿಯಲು ಅವನನ್ನು ಏನು ಕೇಳಬೇಕು? ಎರಡು: ಮೇಲೆ ಹೇಳಿದ ಹುಡುಗನ ಪುಟ ಸರಿಯಾಗಿದೆಯೇ ಎಂದು ಬೇರೆಯವರ ಪುಟಗಳನ್ನು ನಂಬದೆ ಪರೀಕ್ಷಿಸುವುದು ಹೇಗೆ? ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ನೋಟುಪುಸ್ತಕದಲ್ಲಿ ಬರೆದಿಡಬಹುದು, ಹೆಸರು ಹಾಕಬೇಕೆಂದಿಲ್ಲ.