ಗಾಳದ ಕೋಲಿನ ಎಪಾಕ್ಸಿ ಲೇಪ: ಒರೆಸುವ ಹೊತ್ತು, ಒರೆಸುವ ಬಗೆ

ಬೆಲ್ಲದ ಪಾಕ ಆರಿ ಗಟ್ಟಿಯಾದರೆ ನೀರು ಹಾಕಿ ಅದನ್ನು ಮತ್ತೆ ಕರಗಿಸಬಹುದು. ಬೇಯಿಸಿದ ಮೊಟ್ಟೆಯನ್ನಾದರೋ ಮೊದಲಿನ ಸ್ಥಿತಿಗೆ ತರುವುದು ನಮ್ಮಿಂದಾಗದು. ಮೊದಲನೆಯದು ಭೌತ ಬದಲಾವಣೆ, ಎರಡನೆಯದು ರಾಸಾಯನಿಕ ಬದಲಾವಣೆ. ಎಪಾಕ್ಸಿ ಎಂಬ ಲೇಪ ಗಟ್ಟಿಯಾಗುವುದು ಎರಡನೆಯ ಬಗೆಯಲ್ಲಿ. ಈ ಭೇದವನ್ನರಿಯದೆ ಅದನ್ನು ಶುಚಿಮಾಡಹೊರಟವನು ಶುಚಿಯ ಬದಲು ಹಾನಿಯನ್ನೇ ಮಾಡಿಯಾನು. ಅಮೆರಿಕದಲ್ಲಿ ಅನೇಕರು ಹವ್ಯಾಸವಾಗಿ ಕೈಗೊಂಡಿರುವ ಗಾಳದ ಕೋಲಿನ ತಯಾರಿಕೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ.

ಇಂಗಾಲದ ಅಥವಾ ಗಾಜಿನ ಎಳೆಗಳನ್ನು ರಾಳದಿಂದ ಬಂಧಿಸಿ ಮಾಡಿದ ಟೊಳ್ಳು ಕೋಲಿನ ಮೇಲೆ, ಗಾಳದ ದಾರ ಹಾದುಹೋಗುವ ಉಂಗುರಗಳನ್ನಿಟ್ಟು, ಅವುಗಳ ಪಾದಗಳನ್ನು ನೈಲಾನ್ ನೂಲಿನಿಂದ ಒತ್ತೊತ್ತಾಗಿ ಸುತ್ತುತ್ತಾರೆ. ಆ ಸುತ್ತಿನ ಮೇಲೆ ಎಪಾಕ್ಸಿಯನ್ನು ಬಳಿದು, ಅದು ಒಂದೇ ಕಡೆಗೆ ಇಳಿಯದಂತೆ ಕೋಲನ್ನು ಸಣ್ಣ ಮೋಟಾರಿನಿಂದ ಗಂಟೆಗಟ್ಟಲೆ ಮೆಲ್ಲನೆ ತಿರುಗಿಸುತ್ತಾರೆ. ಆದರೂ ಕುಂಚದಿಂದ ಒಂದೆರಡು ಹನಿಗಳು ಬೇಡವಾದೆಡೆ ಬೀಳುವುದುಂಟು. ಅವನ್ನು ತೆಗೆಯುವುದು ಹೇಗೆ?

ಮೊದಲು ಲೇಪದ ಸ್ವರೂಪವನ್ನು ನೋಡೋಣ. ಅರಾಲ್ಡೈಟ್ ಅಂಟಿನ ಎರಡು ಕೊಳವೆಗಳನ್ನು ವಾಚಕರು ಕಂಡಿರಬಹುದು. ಅದೂ ಎಪಾಕ್ಸಿಯೇ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ್ಯ. ರಾಳದ ಅಣುವಿನ ತುದಿಗಳಲ್ಲಿ ಎರಡು ಇಂಗಾಲ ಮತ್ತು ಒಂದು ಆಮ್ಲಜನಕ ಪರಮಾಣುಗಳಿಂದಾದ ಪುಟ್ಟ ಉಂಗುರಗಳಿವೆ. ಗಟ್ಟಿಗೊಳಿಸುವ ದ್ರವ್ಯದಲ್ಲಿರುವ ಅಮೀನುಗಳು ಈ ಉಂಗುರಗಳನ್ನು ಬಿಡಿಸಿ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಕಡೆಗೆ ಇಡೀ ಲೇಪವೇ ಎಲ್ಲ ದಿಕ್ಕುಗಳಿಗೂ ಹಬ್ಬಿದ ಒಂದೇ ಬಲೆಯಾಗುತ್ತದೆ.

ಬಲೆ ಹೆಣೆಯುವ ಮೊದಲು ಅಣುಗಳು ಬಿಡಿಬಿಡಿಯಾಗಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗುತ್ತವೆ. ಆದುದರಿಂದ ಹನಿ ಬಿದ್ದ ಕೂಡಲೇ, ಆಲ್ಕೊಹಾಲಿನಿಂದ ತುಸುವೇ ಒದ್ದೆಮಾಡಿದ ಬಟ್ಟೆಯಿಂದ, ನೂಲಿನ ಸುತ್ತಿಗೆ ತಾಕದಂತೆ ಒರೆಸಬೇಕು. ಪ್ರತಿ ಸಲವೂ ಬಟ್ಟೆಯ ಹೊಸ ಭಾಗವನ್ನು ಉಪಯೋಗಿಸಬೇಕು. ಇಲ್ಲವಾದರೆ ರಾಳ ಹೋಗುವುದಿಲ್ಲ, ತೆಳುವಾಗಿ ಹರಡುತ್ತದೆ, ಅಷ್ಟೆ.

ಬಲೆ ಪೂರ್ತಿಯಾದ ಮೇಲೆ ದ್ರಾವಕವು ಅದನ್ನು ಉಬ್ಬಿಸಬಹುದೇ ಹೊರತು ಕರಗಿಸಲಾರದು. ತೀಕ್ಷ್ಣವಾದ ಬಣ್ಣ ತೆಗೆಯುವ ದ್ರಾವಕಗಳನ್ನು ಹಚ್ಚೋಣವೆಂದರೆ, ಕೋಲಿನ ಎಳೆಗಳನ್ನು ಬಂಧಿಸಿರುವುದೂ ಸಾಮಾನ್ಯವಾಗಿ ಎಪಾಕ್ಸಿಯೇ! ಆಗ ಉಳಿಯುವ ಉಪಾಯ ಶಾಖ. ಕೊಠಡಿಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕುಲುಮೆಯಲ್ಲಿ ಹೆಚ್ಚಿನ ಉಷ್ಣತೆಗೆ ಕಾಯಿಸಿ ಮಾಡಿದ ಕೋಲು ಅಷ್ಟನ್ನು ತಡೆದುಕೊಳ್ಳುತ್ತದೆ. ಹದವಾಗಿ ಬಿಸಿಮಾಡಿ, ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಹನಿಯನ್ನು ಎಬ್ಬಿಸಬೇಕು.

ಚಾಕು ಏಕೆ ಕೂಡದು? ಬಾಗಿದ ಕೋಲಿನಲ್ಲಿ ಪೀಡನವು ನಡುವಿನಲ್ಲಿ ಕಡಿಮೆ, ಹೊರಮೈಯಲ್ಲಿ ಅತ್ಯಧಿಕ. ಹೊರಮೈಯ ಎಳೆಗಳನ್ನು ಕತ್ತರಿಸಿದ ಸಣ್ಣ ಗೀರಿನ ಬಳಿ ಪೀಡನವು ಮತ್ತಷ್ಟು ಸಾಂದ್ರವಾಗುತ್ತದೆ. ಮೇಜಿನ ಮೇಲೆ ಕಾಣದಿದ್ದ ದೋಷವು ದೊಡ್ಡ ಮೀನು ಎಳೆದಾಗ ಕೋಲು ಮುರಿಯುವುದರಿಂದ ತಿಳಿಯುತ್ತದೆ.

ಕೈಗೆ ತಾಗಿದ ಹಸಿ ಎಪಾಕ್ಸಿಯ ವಿಷಯ ಬೇರೆ. ಅದು ಚರ್ಮದಲ್ಲಿ ಅಲರ್ಜಿಯನ್ನುಂಟುಮಾಡಬಲ್ಲದು. ಒಮ್ಮೆ ಬಂದ ಅಲರ್ಜಿ ಜೀವಮಾನವೆಲ್ಲ ಉಳಿಯಬಹುದು. ದ್ರಾವಕದಿಂದ ಕೈ ಒರೆಸಿದರೆ ರಾಳವು ತೆಳುವಾಗಿ ಚರ್ಮದೊಳಕ್ಕೆ ಇಳಿಯಲು ಅನುಕೂಲವಾಗುತ್ತದೆ. ಆದುದರಿಂದ ಕೈಚೀಲ ಧರಿಸಬೇಕು. ತಾಗಿದರೆ ಸಾಬೂನು ನೀರಿನಿಂದಲೇ ತೊಳೆಯಬೇಕು.

ಒರೆಸಲು ಎಷ್ಟು ಹೊತ್ತಿದೆಯೆಂದು ತಿಳಿಯುವುದು ಹೇಗೆ? ಬಟ್ಟಲಲ್ಲಿ ಉಳಿದ ಎಪಾಕ್ಸಿಯನ್ನು ನೋಡಿ ನಿರ್ಣಯಿಸಬಾರದು. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಮುದ್ದೆಯಾಗಿರುವಲ್ಲಿ ಅದು ಹೊರಹೋಗಲಾರದೆ ಕ್ರಿಯೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಅದನ್ನೇ ಅಲ್ಯುಮಿನಿಯಮ್ ತಗಡಿನ ಮೇಲೆ ತೆಳುವಾಗಿ ಹರಡಿದರೆ ತಣ್ಣಗಿದ್ದು ನಿಧಾನವಾಗಿ ಗಟ್ಟಿಯಾಗುತ್ತದೆ. ಕೋಲಿನ ಮೇಲಿನ ತೆಳು ಲೇಪಕ್ಕೆ ನಿಜವಾದ ಸಾಕ್ಷಿ ಈ ತಗಡೇ. ಅರಾಲ್ಡೈಟನ್ನು ಎರಡೂ ಬಗೆಯಲ್ಲಿಟ್ಟು, ಗಡಿಯಾರ ನೋಡುತ್ತ, ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ತಾವೇ ಪರೀಕ್ಷಿಸಿ ನೋಡಬಹುದು.