ಅಲ್ಪಬೆಲೆಯ ಚೀನೀ ಸ್ಕೂಟರಿಗೆ ಬೇಕಾದ ಸುಧಾರಣೆಗಳು

‘ವಾಹನ’ ಎಂಬ ಶಬ್ದಕ್ಕೆ ಮೂಲ, ಹೊರುವುದು ಎಂಬ ಅರ್ಥವುಳ್ಳ ‘ವಹ್’ ಧಾತು. ತಾನು ಹೊತ್ತವರನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದೇ ವಾಹನದ ಧರ್ಮ. ಅಲಂಕಾರವು ಅನಂತರದ ಮಾತು. ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳು ಮೈಸೂರು ಅರಸರ ಸೇನೆಯ ಸಾಮಗ್ರಿಗಳನ್ನು ಎಳೆದು ಖ್ಯಾತಿವೆತ್ತದ್ದು ಕಾಲ್ಬಲದಿಂದ ಮತ್ತು ಬಳಲದ ನಡಿಗೆಯಿಂದ. ಅಲ್ಪಬೆಲೆಯ ವಿದ್ಯುತ್ ಸ್ಕೂಟರನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ವಿದ್ಯುತ್ ದ್ವಿಚಕ್ರ ವಾಹನಗಳ ತಯಾರಿಕೆಯಲ್ಲಿ ಚೀನಾ ದೇಶವೇ ಜಗತ್ತಿನಲ್ಲಿ ಮುಂದಿದೆ. ಅಲ್ಲಿಂದ ತರಿಸಿದ ಬಿಡಿಭಾಗಗಳನ್ನು ಜೋಡಿಸಿ ಮಾರುವ ಪದ್ಧತಿ ಭಾರತದಲ್ಲಿಯೂ ಬೆಳೆಯಿತು. ಮೋಟಾರಿನ ಶಕ್ತಿ 250 ವಾಟ್‌ಗೂ, ವೇಗ ಗಂಟೆಗೆ 25 ಕಿ.ಮೀ.ಗೂ ಒಳಗಿರುವ ಗಾಡಿಗೆ ನೋಂದಣಿ ಬೇಡ, ಚಾಲನಾ ಪರವಾನಗಿಯೂ ಬೇಡ. ಕಡೂರಿನ ತೆಂಗಿನ ತೋಟದವರಿಗೂ ತರೀಕೆರೆಯ ಅಡಕೆ ಬೆಳೆಗಾರರಿಗೂ ಇದು ಅನುಕೂಲವೇ ಸರಿ. ಆದರೆ ಕಾನೂನು ಇದನ್ನು ಮೋಟಾರು ವಾಹನವೆಂದು ಎಣಿಸದಿರುವುದರಿಂದ, ಮೋಟಾರು ವಾಹನಗಳಿಗೆ ವಿಧಿಸಿದ ರಕ್ಷಣಾ ನಿಯಮಗಳು ಇದಕ್ಕೆ ಅನ್ವಯಿಸವು. ರಿಯಾಯಿತಿಯ ಬೆನ್ನಿಗೇ ಅಪಾಯವೂ ಬಂದಿದೆ.

ಆದ್ದರಿಂದ ಮೊದಲು ಬೇಕಾದುದು ಒಳ್ಳೆಯ ಬ್ರೇಕು. ಒಂದೇ ಹಿಡಿಯನ್ನು ಒತ್ತಿದಾಗ ಎರಡೂ ಗಾಲಿಗಳು ಹಿಡಿತಕ್ಕೆ ಬರುವ ಸಂಯುಕ್ತ ಬ್ರೇಕು, 125 ಸಿ.ಸಿ.ವರೆಗಿನ ಪೆಟ್ರೋಲು ಸ್ಕೂಟರುಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಅಗ್ಗದ ಗಾಡಿಗೂ ಅದು ಇರಬೇಕು.

ಎರಡನೆಯದು ಗಾಲಿ. ಚಿಕ್ಕ ಗಾಲಿಯು ಹಳ್ಳಕ್ಕೆ ಬೇಗ ಸಿಕ್ಕಿಬೀಳುತ್ತದೆ. ಹಳ್ಳಿಯ ದಾರಿಗೆ 12 ಅಂಗುಲದ ಗಾಲಿ ಮತ್ತು ಟ್ಯೂಬಿಲ್ಲದ ಟೈರು ಹಿತ.

ಮೂರನೆಯದು ಬ್ಯಾಟರಿ. 48 ವೋಲ್ಟ್, 24 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅಡಗಿರುವುದು 48 × 24 = 1152 ವಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ಕಿಲೋಮೀಟರಿಗೆ 28 ವಾಟ್-ಗಂಟೆ ವ್ಯಯವಾದರೆ ಗಾಡಿ ಕ್ರಮಿಸುವುದು ಸುಮಾರು 41 ಕಿ.ಮೀ. ಕಡೂರಿನಿಂದ ತರೀಕೆರೆಗೆ ಹೋಗಿ ಬರಲು ಇದು ಸಾಲದು. ಸೀಸ-ಆಮ್ಲದ ಬ್ಯಾಟರಿ ಭಾರವಾದುದು, ಅಲ್ಪಾಯು. ಲಿಥಿಯಂ ಕಬ್ಬಿಣ ಫಾಸ್ಫೇಟಿನದು ಹಗುರ, ದೀರ್ಘಾಯು, ಶಾಖವನ್ನೂ ಹೆಚ್ಚು ತಾಳಬಲ್ಲದು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಬೆಂಕಿಗೆ ಆಹುತಿಯಾದ ಮೇಲೆ ಸರ್ಕಾರವು ಬ್ಯಾಟರಿಯ ನಿಯಮಗಳನ್ನು ಬಿಗಿಗೊಳಿಸಿತು. ಬಿಸಿಯನ್ನೂ ಅತಿಯಾದ ಚಾರ್ಜನ್ನೂ ತಡೆಯುವ ನಿಯಂತ್ರಕ, ನೀರು ನುಗ್ಗದ ಪೆಟ್ಟಿಗೆ ಇವೆರಡೂ ಮಲೆನಾಡಿನ ಅಂಚಿನ ಮಳೆಗೆ ಅತ್ಯವಶ್ಯ.

ನಾಲ್ಕನೆಯದು ಏರುದಾರಿಯ ಶಕ್ತಿ. ಗಾಡಿ, ಸವಾರ, ಹೊರೆ ಸೇರಿ 150 ಕಿಲೋ ಇದ್ದು, 20 ಅಡಿಗೆ ಒಂದಡಿ ಏರುವ ದಾರಿಯಾದರೆ, 250 ವಾಟ್ ಮೋಟಾರಿನ ವೇಗವು ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಗಂಟೆಗೆ 12 ಕಿ.ಮೀ. ಮಾತ್ರ. ಕೆಮ್ಮಣ್ಣುಗುಂಡಿಯ ಘಟ್ಟಕ್ಕೆ ಇಂಥದು ತಕ್ಕುದಲ್ಲ. ಅಂಥ ದಾರಿಯವರು ನೋಂದಣಿಯುಳ್ಳ, ಹೆಚ್ಚು ಶಕ್ತಿಯ ಗಾಡಿಯನ್ನೇ ಆರಿಸುವುದು ಲೇಸು.

ಐದನೆಯದು ಭಾಷೆ. ಎಚ್ಚರಿಕೆಯ ಮಾತುಗಳು ಸವಾರನಿಗೆ ತಿಳಿಯದ ನುಡಿಯಲ್ಲಿದ್ದರೆ ಅವು ಇದ್ದೂ ಇಲ್ಲದಂತೆಯೇ. ಚಾರ್ಜು ಮಾಡುವ ಕ್ರಮ, ಹೊರೆಯ ಮಿತಿ, ಬ್ರೇಕಿನ ಪಾಲನೆ ಇವು ಕನ್ನಡದಲ್ಲಿ ಅಚ್ಚಾದ ಕೈಪಿಡಿಯೊಂದು ಗಾಡಿಯ ಜೊತೆಗೇ ಬರತಕ್ಕದ್ದು. ಇದರ ವೆಚ್ಚ ಅತ್ಯಲ್ಪ, ಪ್ರಯೋಜನ ಅಪಾರ.

ಬಣ್ಣದ ದೀಪ, ಹಾಡು ನುಡಿಸುವ ಪೆಟ್ಟಿಗೆ ಮೊದಲಾದವು ಈ ಐದು ಪೂರೈಸಿದ ಮೇಲೆ ಬರಲಿ. ಮನೆಗೆ ಸ್ಕೂಟರು ತರುವಾಗ ವಿದ್ಯಾರ್ಥಿಗಳು ಹಿರಿಯರೊಡನೆ ಅಂಗಡಿಗೆ ಹೋಗಿ, ಬ್ರೇಕು, ಗಾಲಿ, ಬ್ಯಾಟರಿ, ಶಕ್ತಿ, ಕೈಪಿಡಿ ಈ ಐದನ್ನೂ ಕೇಳಿ ತಿಳಿದು, ಅನಂತರ ಬೆಲೆಯ ಮಾತೆತ್ತಬೇಕು.