ಸಂವೇದಕ ಚಿಪ್ಪುಗಳ ಪತ್ತೆ

ಗಣಕಯಂತ್ರದೊಳಗೆ ಶಾಖವನ್ನೂ ಫ್ಯಾನಿನ ವೇಗವನ್ನೂ ಅಳೆಯುವ ಸಣ್ಣ ಚಿಪ್ಪುಗಳಿರುತ್ತವೆ. ಇವೇ ಸಂವೇದಕಗಳು. ಇವುಗಳೊಡನೆ ವ್ಯವಹರಿಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಬಿ.ಎ. ಓದುವವನಿಗೆ ಇದರ ಗೊಡವೆ ಏಕೆಂದು ಮಿತ್ರರು ನಗಬಹುದು. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ನಮ್ಮ ತಂದೆಯವರು ಕೊಡಿಸಿದ ಹಳೆಯ ಲ್ಯಾಪ್‌ಟಾಪ್ ಕೆಟ್ಟರೆ, ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಕಂಡ ನನಗೆ ಇನ್ನೊಂದು ದೊರೆಯುವಂತಿಲ್ಲ.

ಫಿಲಿಪ್ಸ್ ಸಂಸ್ಥೆಯವರು 1982ರಲ್ಲಿ ರೂಪಿಸಿದ ಐ-ಟು-ಸಿ ಎಂಬ ಎರಡು ತಂತಿಗಳ ಏರ್ಪಾಡನ್ನು ವಠಾರಕ್ಕೆ ಹೋಲಿಸಬಹುದು. ಮನೆಗಳಿಗೆ ಸಂಖ್ಯೆಗಳುಂಟು, ನಾಮಫಲಕಗಳಿಲ್ಲ. ಏಳು ಬಿಟ್‌ಗಳ ವಿಳಾಸವಾದುದರಿಂದ ಸಂಖ್ಯೆಗಳು ಒಟ್ಟು 128 ಮಾತ್ರ. ಚಿಪ್ಪುಗಳ ಜಾತಿಗಳೋ ಅಸಂಖ್ಯ. ಆದಕಾರಣ ಒಂದು ಯಂತ್ರದಲ್ಲಿ ಶಾಖಮಾಪಕವಿರುವ ಸಂಖ್ಯೆಯಲ್ಲಿ ಇನ್ನೊಂದರಲ್ಲಿ ಬೇರೇನೋ ಇದ್ದೀತು. ಗೊತ್ತಿಲ್ಲದ ಬಾಗಿಲನ್ನು ತಟ್ಟುವುದೇ ಅಪಾಯ. ಐಬಿಎಂನ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ, 'ಯಾರಾದರೂ ಇದ್ದೀರಾ' ಎಂದು ಲಿನಕ್ಸಿನ ಶೋಧಕವು ಕಳುಹಿಸಿದ ಅತಿ ಕಿರಿದಾದ ಬರಹ-ಸಂಜ್ಞೆಯು 24ಆರ್‌ಎಫ್08 ಎಂಬ ಸ್ಮೃತಿಚಿಪ್ಪನ್ನು ಕೆಡಿಸಿ, ಯಂತ್ರವೇ ಏಳದಂತಾಯಿತು! ಬರೆಯದೆ ಓದಿದರೂ ಪೂರ್ಣ ಕ್ಷೇಮವಿಲ್ಲ. ಬರಹವನ್ನಷ್ಟೇ ಸ್ವೀಕರಿಸುವ ಕೆಲವು ಗಡಿಯಾರ-ಚಿಪ್ಪುಗಳನ್ನು ಓದಹೋದರೆ ತಂತಿಸಾಲೇ ಸ್ತಬ್ಧವಾಗುತ್ತದೆ.

ಹಾಗಾದರೆ ಬಲ್ಲವರ ಕ್ರಮವೇನು? ಆ ಬಗೆಯ ಚಿಪ್ಪು ಇರಬಹುದಾದ ವಿಳಾಸಗಳನ್ನಷ್ಟೇ ನೋಡುವುದು, ಓದುವುದು, ಬರೆಯದಿರುವುದು, ತಯಾರಕರ ಗುರುತುಸಂಖ್ಯೆಯ ಖಾನೆಯಿದ್ದರೆ ಮೊದಲು ಅದನ್ನೇ ಓದುವುದು. ಮೂಲ ಎಲ್‌ಎಂ75 ಶಾಖಮಾಪಕದಲ್ಲಿ ಅಂಥ ಖಾನೆಯೇ ಇಲ್ಲ. ಅಲ್ಲಿ ಸಾಂದರ್ಭಿಕ ಸಾಕ್ಷ್ಯವೇ ಗತಿ. ಅದರ ವ್ಯವಸ್ಥಾ-ಖಾನೆಯ ಮೇಲಿನ 3 ಬಿಟ್‌ಗಳು ಸದಾ ಸೊನ್ನೆ. ಒಂದಾದರೂ ಸೊನ್ನೆಯಲ್ಲದಿದ್ದರೆ ಅದು ಎಲ್‌ಎಂ75 ಅಲ್ಲ. ಸೊನ್ನೆಗಳಿದ್ದ ಮಾತ್ರಕ್ಕೆ ಹೌದೆಂದೂ ಅಲ್ಲ! ಹೀಗೆ ಹಲವು ಸಾಕ್ಷ್ಯಗಳು ಕೂಡಿದರೆ ಒಪ್ಪುವುದು, ಸಂದೇಹವಿದ್ದರೆ ಬಿಟ್ಟುಬಿಡುವುದು. ನ್ಯಾಯಾಲಯದ ರೀತಿಯೂ ಇದೇ ಅಲ್ಲವೆ?

ಪತ್ತೆಯ ಪ್ರಮೇಯವೇ ಬಾರದಿದ್ದರೆ ಇನ್ನೂ ಮೇಲು. ನಮ್ಮ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ ಕಂಪನಿಯು, ಭಾರತ್ ಎಲೆಕ್ಟ್ರಾನಿಕ್ಸ್‌ನೊಡನೆ 2004ರಲ್ಲಿ ಹೊರತಂದ ಅಮಿಡಾ ಸಿಂಪ್ಯೂಟರಿನಲ್ಲಿ ಚಲನೆಯನ್ನರಿಯುವ ಸಂವೇದಕವಿತ್ತು. ಹೀಗೆ ಇಡೀ ಯಂತ್ರವನ್ನು ತಾವೇ ರೂಪಿಸಿದವರಿಗೆ ಯಾವ ಚಿಪ್ಪು ಎಲ್ಲಿದೆಯೆಂಬುದು ಮೊದಲೇ ಗೊತ್ತು. ಇಂದು ಇಂಥ ಕಿರುಯಂತ್ರಗಳಲ್ಲಿ ಲಿನಕ್ಸಿಗೆ 'ಡಿವೈಸ್ ಟ್ರೀ' ಎಂಬ ಪಟ್ಟಿಯನ್ನೇ ಬರೆದುಕೊಡುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಆ ಸೌಕರ್ಯವಿಲ್ಲ. ಅಲ್ಲಿ 'ಸೆನ್ಸರ್ಸ್-ಡಿಟೆಕ್ಟ್' ಎಂಬ ಸಾಧನವು ಒಂದೊಂದು ಹೆಜ್ಜೆಗೂ ನಮ್ಮ ಅನುಮತಿ ಕೇಳುತ್ತದೆ. ಲಿನಕ್ಸಿನ 'ಪಿಕ್ಸ್4' ಡ್ರೈವರ್ ಅಂತೂ ಇಂಟೆಲ್ ಚಿಪ್ಪಿನ ಯಂತ್ರದ ತಯಾರಕರ ಹೆಸರು ಐಬಿಎಂ ಎಂದು ಕಂಡೊಡನೆ, ಸ್ಮೃತಿಚಿಪ್ಪು ಕೆಟ್ಟೀತೆಂದು ಎಚ್ಚರಿಸಿ, ಕೆಲಸಕ್ಕೇ ನಿಲ್ಲುವುದಿಲ್ಲ.